ಆಫ್ರಿಕದ ಬಯಲಿಗೆ ಹೊರಡುವವರಿಗೆ

ಮೊನ್ನೆ ಸಾಯಂಕಾಲ ನಮ್ಮ ಬಡಾವಣೆಯ ಮಿತ್ರರೊಬ್ಬರು ಮನೆಗೆ ಬಂದರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು, ಲೆಕ್ಕದ ಮನುಷ್ಯರು. ಅವರ ಕೈಯಲ್ಲಿ ನಾಲ್ಕು ಪುಟದ ಒಂದು ಪಟ್ಟಿಯಿತ್ತು. “ರಾಯರೇ, ನೀವು ಹೋಗಿಬಂದವರು. ಇದರಲ್ಲಿ ಏನಾದರೂ ಬಿಟ್ಟುಹೋಗಿದೆಯೇ ನೋಡಿಕೊಡಿ” ಎಂದರು. ಅವರೂ ಅವರ ಶ್ರೀಮತಿಯವರೂ ಇನ್ನು ಹದಿನೆಂಟು ದಿನಗಳಲ್ಲಿ ಕೀನ್ಯಾ ಮತ್ತು ಟಾಂಜಾನಿಯ ದೇಶಗಳಿಗೆ ಹೊರಡುವವರಿದ್ದರು. ಸಿಂಹವನ್ನು ಅದರ ಸ್ವಂತ ನೆಲದಲ್ಲಿ ನೋಡಬೇಕೆಂಬುದು ಅವರ ಬಹುಕಾಲದ ಆಸೆ.

ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಖಾಕಿ ಷರಾಯಿಗಳು ಆರು, ಅಗಲ ಅಂಚಿನ ಟೊಪ್ಪಿಗೆಗಳು ಎರಡು, ಹದಿನಾಲ್ಕು ಜೇಬುಗಳುಳ್ಳ ಮೇಲಂಗಿ ಒಂದು, ಮೊಳಕಾಲೆತ್ತರದ ಬೂಟುಗಳು, ಉದ್ದ ಮಸೂರದ ಹೊಸ ಕ್ಯಾಮೆರಾ, ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟಿನ ಪೊಟ್ಟಣಗಳು ಮೂವತ್ತು, ಇವನ್ನೆಲ್ಲ ಬೇರೆ ಬೇರೆಯಾಗಿ ಸುತ್ತಿಡಲು ಒಂದು ಕಟ್ಟು ಪ್ಲಾಸ್ಟಿಕ್ ಚೀಲ. ನಾಲ್ಕು ಪುಟಗಳಲ್ಲಿ ಸೂಜಿಯ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. “ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡಿರಾ?” ಎಂದು ಕೇಳಿದೆ. “ಜ್ವರ ಬಂದರೆ ಆಗ ನೋಡಿಕೊಂಡರಾಯಿತಲ್ಲ” ಎಂದರು.

ಅವರನ್ನು ಹಾಸ್ಯಮಾಡಲೆಂದು ಇದನ್ನು ಬರೆಯುತ್ತಿಲ್ಲ. ಆಫ್ರಿಕದ ಸಫಾರಿ ಎಂಬುದು ಹಿಂದೆ ರಾಜಮಹಾರಾಜರಿಗೂ ಬಂದೂಕು ಹೊತ್ತ ಬಿಳಿಯ ದೊರೆಗಳಿಗೂ ಮೀಸಲಾಗಿದ್ದ ವಿಲಾಸ. ಕೀನ್ಯಾದಲ್ಲಿ ಬೇಟೆಯನ್ನು ೧೯೭೭ರಲ್ಲಿಯೇ ನಿಷೇಧಿಸಿದರು. ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದಿತು. ಈಗ ನಮ್ಮ ಮಧ್ಯಮ ವರ್ಗದ ಸಂಸಾರಗಳೂ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು ಅಲ್ಲಿಗೆ ಹೋಗಿಬರುತ್ತಿವೆ. ಸಂತೋಷಪಡಬೇಕಾದ ಸಂಗತಿಯೇ. ಆದರೆ ಸಿದ್ಧತೆಯೆಂದರೆ ಅಂಗಡಿ ಸುತ್ತುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮದುವೆಗಾಗಲಿ, ಯಾತ್ರೆಗಾಗಲಿ, ಕೊಂಡ ಸಾಮಾನಿನ ತೂಕವೇ ಸಿದ್ಧತೆಯ ಅಳತೆ. ನನಗೆ ತೋರುವ ಮಟ್ಟಿಗೆ ಆಫ್ರಿಕಕ್ಕೆ ಹೋಗುವವರು ಕೊಳ್ಳಬೇಕಾದುದು ಅತ್ಯಲ್ಪ, ತಿಳಿದುಕೊಳ್ಳಬೇಕಾದುದು ಬಹಳ. ಅದರಲ್ಲಿಯೂ ಎಲ್ಲಕ್ಕಿಂತ ಅವಶ್ಯವಾದ ಒಂದು ಸಿದ್ಧತೆಯನ್ನು ನಾನೂ ಮಾಡಿಕೊಳ್ಳದೆ ಹೋಗಿದ್ದೆ. ಆ ಮಾತು ಆಮೇಲೆ ಬರಲಿ.

ಮೊದಲು ಸೂಜಿಯ ವಿಚಾರ. ಹಳದಿ ಜ್ವರವು ಸೊಳ್ಳೆಯಿಂದ ಹರಡುವ ರೋಗ; ಆಫ್ರಿಕದ ಉಷ್ಣವಲಯದಲ್ಲಿಯೂ ದಕ್ಷಿಣ ಅಮೆರಿಕದಲ್ಲಿಯೂ ಇರತಕ್ಕದ್ದು. ಅದನ್ನು ಹೊತ್ತು ತಿರುಗುವ ಈಡಿಸ್ ಸೊಳ್ಳೆ ನಮ್ಮ ದೇಶದಲ್ಲಿ ಧಾರಾಳವಾಗಿದೆ. ಡೆಂಗೆ ಜ್ವರವನ್ನು ಮನೆಮನೆಗೆ ಹಂಚುವುದು ಅದೇ. ಆದರೆ ಹಳದಿ ಜ್ವರ ಮಾತ್ರ ಭಾರತದಲ್ಲಿ ಇದುವರೆಗೆ ನೆಲೆಯೂರಿಲ್ಲ. ಹುಲ್ಲಿನ ಬಣವೆ ಒಣಗಿ ನಿಂತಿದೆ, ಕಿಡಿಯೊಂದು ಬಿದ್ದಿಲ್ಲ ಎಂಬಂಥ ಸ್ಥಿತಿ. ಆದಕಾರಣ ನಮ್ಮ ಸರ್ಕಾರ ಈ ವಿಷಯದಲ್ಲಿ ಬಹು ನಿಷ್ಠುರವಾಗಿದೆ. ಕೀನ್ಯಾ, ಉಗಾಂಡ ಮೊದಲಾದ ದೇಶಗಳಿಂದ ಬರುವವರ ಕೈಯಲ್ಲಿ ಚುಚ್ಚುಮದ್ದಿನ ಪ್ರಮಾಣಪತ್ರ ಇರಲೇಬೇಕು. ಮದ್ದು ಹಾಕಿಸಿಕೊಂಡು ಹತ್ತು ದಿನ ತುಂಬಿರಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗೆ ಉಂಟು. ಕೀನ್ಯಾದಿಂದ ಟಾಂಜಾನಿಯಕ್ಕೆ ಕಾಲಿಡುವಾಗಲೂ ಅದೇ ಹಳದಿ ಪುಸ್ತಕವನ್ನು ಕೇಳುತ್ತಾರೆ.

ನಾನು ಹೋದಾಗ ನಮ್ಮ ತಂಡದಲ್ಲಿದ್ದ ವೃದ್ಧ ದಂಪತಿಗಳಿಗೆ ಪ್ರವಾಸ ಏರ್ಪಡಿಸಿದ್ದವರು ಈ ಮಾತನ್ನೇ ಹೇಳಿರಲಿಲ್ಲ. ಊಟದಲ್ಲಿ ಬೆಳ್ಳುಳ್ಳಿ ಇರುವುದೇ ಇಲ್ಲವೇ ಎಂಬುದನ್ನು ಮೂರು ಸಲ ಕೇಳಿ ಬರೆದುಕೊಂಡಿದ್ದರು. ಇದನ್ನು ಒಂದು ಸಲವೂ ಕೇಳಿರಲಿಲ್ಲ. ಹಿಂದಿರುಗಿದ ರಾತ್ರಿ ಅವರಿಬ್ಬರನ್ನು ಸಾಲಿನಿಂದ ಪಕ್ಕಕ್ಕೆ ಕರೆದು ನಿಲ್ಲಿಸಿದರು. ಹೊರಗೆ ಮಗ ಕಾರು ತಂದು ಕಾಯುತ್ತಿದ್ದ. ತಾಯಿ ತಂದೆಗಳು ಮನೆ ಸೇರಿದ್ದು ಆರನೆಯ ದಿನ. ಅಧಿಕಾರಿಗಳ ತಪ್ಪೇನೂ ಇಲ್ಲ. ಅವರು ಕಾಯುತ್ತಿರುವುದು ನೂರನಲವತ್ತು ಕೋಟಿ ಜನರ ಬಾಗಿಲನ್ನು.

ಈ ಮದ್ದು ಬೀದಿಯ ಔಷಧದ ಅಂಗಡಿಯಲ್ಲಿ ದೊರೆಯುವಂಥದಲ್ಲ. ಸರ್ಕಾರ ಗೊತ್ತುಮಾಡಿರುವ ಕೇಂದ್ರಗಳಲ್ಲಿ ಮಾತ್ರ, ಮುಂಗಡ ದಿನ ನಿಶ್ಚಯಿಸಿಕೊಂಡು, ಪಾಸ್‌ಪೋರ್ಟು ಸಹಿತ ಹೋಗಬೇಕು. ಒಮ್ಮೆ ಹಾಕಿಸಿದರೆ ಆಯಿತು: ಹತ್ತು ವರ್ಷಕ್ಕೊಮ್ಮೆ ಮರಳಿ ಚುಚ್ಚಿಸಿಕೊಳ್ಳಬೇಕೆಂಬ ಹಳೆಯ ನಿಯಮ ೨೦೧೬ರ ಜುಲೈ ತಿಂಗಳಿಂದ ಹೋಗಿ, ಪ್ರಮಾಣಪತ್ರವು ಜೀವಮಾನವಿಡೀ ಊರ್ಜಿತವಾಗಿರುತ್ತದೆ. ಅರವತ್ತು ದಾಟಿದವರೂ ರೋಗನಿರೋಧಕ ಶಕ್ತಿ ಕುಗ್ಗಿದವರೂ ತಮ್ಮ ಡಾಕ್ಟರನ್ನು ಕೇಳದೆ ಹೋಗಕೂಡದು, ಏಕೆಂದರೆ ಇದು ಜೀವಂತ ವೈರಾಣುವನ್ನು ಸೌಮ್ಯಗೊಳಿಸಿ ಮಾಡಿದ ಮದ್ದು. ಮ್ಯಾಕ್ಸ್ ಥೈಲರ್ ಎಂಬ ವಿಜ್ಞಾನಿ ೧೯೩೭ರಲ್ಲಿ ಸಾಧಿಸಿದ ತಳಿಯೇ ಇಂದಿಗೂ ಬಳಕೆಯಲ್ಲಿದೆ. ಅದಕ್ಕಾಗಿ ೧೯೫೧ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಇದನ್ನು ಬೆಳೆಸುವುದು ಕೋಳಿಮೊಟ್ಟೆಯಲ್ಲಿ. ಮೊಟ್ಟೆ ಒಗ್ಗದ ಮೈಯವರು ಅದನ್ನು ಮೊದಲೇ ಹೇಳಬೇಕು. ಮೊಟ್ಟೆ ಒಗ್ಗದ ಮನಸ್ಸಿನವರು ಏನು ಮಾಡಬೇಕೆಂಬುದನ್ನು ನಾನು ಹೇಳಲಾರೆ. ನಾನಂತೂ ಕಣ್ಣು ಮುಚ್ಚಿ ತೋಳು ನೀಡಿದೆ.

ಮಲೇರಿಯಕ್ಕೆ ಚುಚ್ಚುಮದ್ದಿನ ಬದಲು ಮಾತ್ರೆ. ಯಾವುದು, ಎಷ್ಟು ದಿನ ಎಂಬುದು ಡಾಕ್ಟರ ಕೆಲಸ. ಹಿಂದಿರುಗಿದ ಮೇಲೂ ಹೇಳಿದಷ್ಟು ದಿನ ತಪ್ಪದೆ ನುಂಗುವುದು ನಿಮ್ಮ ಕೆಲಸ. ನಿತ್ಯದ ಔಷಧಗಳನ್ನು ಚೀಟಿಯ ಸಮೇತ ಕೈಚೀಲದಲ್ಲಿಯೇ ಇಡಿ. ವಿಮೆ ಮಾಡಿಸುವಾಗ, ಬಯಲಿನ ನಡುವಿನಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚವೂ ಅದರಲ್ಲಿ ಸೇರಿದೆಯೇ ಎಂದು ಓದಿನೋಡಿ. ಆಸ್ಪತ್ರೆ ಅಲ್ಲಿ ಮುಂದಿನ ಬೀದಿಯಲ್ಲಿ ಇರುವುದಿಲ್ಲ.

ಕಾಗದಪತ್ರಗಳ ಮಾತು ಬೇಗ ಮುಗಿಯುತ್ತದೆ. ಕೀನ್ಯಾ ದೇಶವು ೨೦೨೪ರ ಜನವರಿಯಿಂದ ವೀಸಾ ಪದ್ಧತಿಯನ್ನು ಬಿಟ್ಟು, ಅಂತರಜಾಲದಲ್ಲಿ ಮುಂಗಡವಾಗಿ ಪ್ರಯಾಣಾನುಮತಿ ಪಡೆಯುವ ಕ್ರಮವನ್ನು ತಂದಿದೆ. ಟಾಂಜಾನಿಯಕ್ಕೆ ಬೇರೆ ವೀಸಾ ಬೇಕು. ಕೀನ್ಯಾ, ಉಗಾಂಡ, ರುವಾಂಡ ಮೂರಕ್ಕೂ ಸೇರಿಸಿ ಒಂದು ವೀಸಾ ಉಂಟು. ಅದರಲ್ಲಿ ಟಾಂಜಾನಿಯ ಸೇರಿಲ್ಲವೆಂಬುದು ಎಷ್ಟೋ ಜನರಿಗೆ ಗಡಿಯಲ್ಲಿ ನಿಂತಾಗಲೇ ತಿಳಿಯುವುದು. ಇನ್ನೊಂದು ಸಂಗತಿ: ಮಸಾಯಿ ಮಾರಾ ಮತ್ತು ಸೆರೆಂಗೆಟಿ ಭೂಪಟದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ, ಗ್ನೂಗಳ ಹಿಂಡು ಈ ಗೆರೆಯನ್ನು ದಾಟುತ್ತದೆ. ಆದರೆ ಪ್ರವಾಸಿಗಳಿಗೆ ಅಲ್ಲಿ ದಾಟಲು ಅಪ್ಪಣೆಯಿಲ್ಲ. ದೂರದ ಗಡಿಠಾಣ್ಯದ ಮೂಲಕ ಸುತ್ತಿ ಹೋಗಬೇಕು. ಪಾಸ್‌ಪೋರ್ಟು ಇಲ್ಲದ ಪ್ರಾಣಿಗೆ ಇರುವ ಸೌಕರ್ಯ ಪಾಸ್‌ಪೋರ್ಟು ಇರುವ ಪ್ರಾಣಿಗೆ ಇಲ್ಲ.

ಮಿತ್ರರ ಪಟ್ಟಿಯಲ್ಲಿದ್ದ ಪ್ಲಾಸ್ಟಿಕ್ ಚೀಲಗಳನ್ನು ನಾನೇ ಹೊಡೆದುಹಾಕಿದೆ. ರುವಾಂಡ ೨೦೦೮ರಲ್ಲಿಯೂ ಕೀನ್ಯಾ ೨೦೧೭ರಲ್ಲಿಯೂ ಟಾಂಜಾನಿಯ ೨೦೧೯ರಲ್ಲಿಯೂ ಇಂಥ ಚೀಲಗಳನ್ನು ನಿಷೇಧಿಸಿವೆ. ಅಲ್ಲಿನ ನಿಷೇಧ ನಮ್ಮ ಊರಿನ ನಿಷೇಧದಂತೆ ಫಲಕದ ಮೇಲೆ ನಿಂತುಹೋದದ್ದಲ್ಲ. ಬಟ್ಟೆಯ ಚೀಲ, ತಗಡಿನ ಡಬ್ಬಿ ಸಾಕು. ನಮ್ಮ ಅಜ್ಜಿಯಂದಿರು ಇಷ್ಟರಲ್ಲಿಯೇ ಕಾಶಿಗೆ ಹೋಗಿಬಂದರು.

ಉಡುಪಿನ ವಿಷಯದಲ್ಲಿ ನಮ್ಮವರ ದೊಡ್ಡ ತಪ್ಪು ಆಫ್ರಿಕವೆಂದರೆ ಸುಡುಬಿಸಿಲೆಂದು ತಿಳಿಯುವುದು. ನೈರೋಬಿ ನಗರ ಸಮುದ್ರಮಟ್ಟದಿಂದ ಸುಮಾರು ಐದೂವರೆ ಸಾವಿರ ಅಡಿ ಎತ್ತರದಲ್ಲಿದೆ. ಎಂದರೆ ನಮ್ಮ ನಂದಿಬೆಟ್ಟದ ತುದಿಗಿಂತ ಎತ್ತರ. ಗೊರೊಂಗೊರೊ ಜ್ವಾಲಾಮುಖಿಯ ಅಂಚು ಏಳು ಸಾವಿರ ಅಡಿಗೂ ಮೇಲೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಅದರ ಕೆಳಗೇ ಉಳಿಯುತ್ತದೆ. ಅಲ್ಲಿ ರಾತ್ರಿ ತಂಗಿ, ಬೆಳಗಿನ ಆರು ಗಂಟೆಗೆ ತೆರೆದ ಮೋಟಾರಿನಲ್ಲಿ ಕುಳಿತರೆ ಹದಿನಾಲ್ಕು ಜೇಬಿನ ಅಂಗಿಗಿಂತ ಮನೆಯ ಹಳೆಯ ಉಣ್ಣೆಯ ಸ್ವೆಟರು ಹೆಚ್ಚು ಉಪಕಾರ ಮಾಡುತ್ತದೆ. ಜುಲೈ ತಿಂಗಳಿನಲ್ಲಂತೂ ಮಫ್ಲರು ಬೇಕು. ಹತ್ತು ಗಂಟೆಯ ಹೊತ್ತಿಗೆ ಎಲ್ಲವನ್ನೂ ಒಂದೊಂದಾಗಿ ಕಳಚಬೇಕಾಗುತ್ತದೆ, ಆದ್ದರಿಂದ ಪದರ ಪದರವಾಗಿ ಉಡುವುದೇ ಜಾಣತನ.

ಖಾಕಿಯೇ ಆಗಬೇಕೆಂಬುದಿಲ್ಲ, ಮಣ್ಣಿನ ಬಣ್ಣ, ಒಣಹುಲ್ಲಿನ ಬಣ್ಣ ಯಾವುದಾದರೂ ಸರಿ. ಆದರೆ ಕಡುನೀಲಿ ಮತ್ತು ಕಪ್ಪು ಬೇಡ. ಇದು ಸೌಂದರ್ಯದ ಮಾತಲ್ಲ. ನಿದ್ರಾರೋಗವನ್ನು ಹರಡಬಲ್ಲ ತ್ಸೆತ್ಸೆ ನೊಣಕ್ಕೆ ಈ ಎರಡು ಬಣ್ಣಗಳ ಮೇಲೆ ಬಹಳ ಪ್ರೀತಿ. ಸೆರೆಂಗೆಟಿ, ತರಂಗೀರೆ ಮೊದಲಾದ ಕಡೆ ಮರಗಳಿಗೆ ನೀಲಿ–ಕಪ್ಪು ಬಟ್ಟೆಗಳನ್ನು ತೂಗುಹಾಕಿರುವುದನ್ನು ಕಂಡು, ನಮ್ಮಲ್ಲಿ ಹರಕೆಗೆ ಕಟ್ಟುವ ಬಟ್ಟೆಯೋ ಏನೋ ಎಂದುಕೊಂಡಿದ್ದೆ. ಅವು ನೊಣಕ್ಕೆ ಒಡ್ಡಿದ ಬಲೆಗಳು. ಅದರ ಕಡಿತ ಬಟ್ಟೆಯ ಮೇಲಿನಿಂದಲೂ ನಾಟುತ್ತದೆ.

ಸಾಮಾನಿನ ತೂಕಕ್ಕೂ ಮಿತಿಯಿದೆ. ಒಂದು ಅರಣ್ಯದಿಂದ ಇನ್ನೊಂದಕ್ಕೆ ಸಣ್ಣ ವಿಮಾನದಲ್ಲಿ ಹೋಗುವುದಾದರೆ ಒಬ್ಬರಿಗೆ ಸಾಮಾನ್ಯವಾಗಿ ೧೫ ಕಿಲೋಗ್ರಾಂ ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸನ್ನು ವಿಮಾನದ ಹೊಟ್ಟೆಗೆ ತುರುಕಲಾಗುವುದಿಲ್ಲ. ಬೂಟುಗಳನ್ನು ಪಟ್ಟಿಯಿಂದ ತೆಗೆಸಿದೆ. ದಿನವೆಲ್ಲ ಮೋಟಾರಿನಲ್ಲಿ ಕುಳಿತಿರುವವರಿಗೆ ಮೊಳಕಾಲೆತ್ತರದ ಬೂಟು ಏತಕ್ಕೆ? ಅದಕ್ಕೆ ಬದಲಾಗಿ ತಲೆಗೊಂದರಂತೆ ದುರ್ಬೀನು ಒಯ್ಯಿರಿ. ದಂಪತಿಗಳಿಬ್ಬರಿಗೆ ಒಂದೇ ದುರ್ಬೀನಾದರೆ, ಚಿರತೆ ಮರದಿಂದಿಳಿಯುವ ಗಳಿಗೆಯಲ್ಲಿ ನಲವತ್ತು ವರ್ಷದ ದಾಂಪತ್ಯವೂ ಪರೀಕ್ಷೆಗೊಳಗಾಗುತ್ತದೆ. ವಿದ್ಯುತ್ತಿನ ಗುಂಡಿಗಳು ಅಲ್ಲಿ ಇಂಗ್ಲೆಂಡಿನ ಮಾದರಿಯ ಮೂರು ಚಪ್ಪಟೆ ಮೊಳೆಯವು. ಅದಕ್ಕೊಂದು ಜೋಡಣೆ ಬೇಕು. ಡಾಲರು ನೋಟುಗಳನ್ನು ಒಯ್ಯುವುದಾದರೆ ೨೦೦೬ಕ್ಕಿಂತ ಹಿಂದೆ ಅಚ್ಚಾದವನ್ನು ಅನೇಕ ಕಡೆ ಮುಟ್ಟುವುದಿಲ್ಲ.

ಊಟದ ಭಯ ನಮ್ಮವರನ್ನು ಬಹಳ ಕಾಡುತ್ತದೆ. ಕಾರಣವಿಲ್ಲದ ಭಯ. ಗುಜರಾತಿಗಳು ತಲೆತಲಾಂತರದಿಂದ ನೆಲೆಸಿರುವ ನಾಡದು. ಚಪಾತಿಯೆಂಬುದು ಅಲ್ಲಿನ ಹಳ್ಳಿಯವರ ಹಬ್ಬದಡಿಗೆಯಾಗಿಹೋಗಿದೆ. ಅಲ್ಲಿಯ ನಿತ್ಯದ ಆಹಾರ ಉಗಾಲಿ: ಮುಸುಕಿನ ಜೋಳದ ಹಿಟ್ಟನ್ನು ಕುದಿನೀರಿನಲ್ಲಿ ತಿರುವಿ ಮಾಡಿದ ಗಟ್ಟಿ ಮುದ್ದೆ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ಕೈಯಿಂದ ಮುರಿದು, ಹೆಬ್ಬೆರಳಿನಿಂದ ಗುಳಿಮಾಡಿ, ಸೊಪ್ಪನ್ನು ಎತ್ತಿಕೊಂಡು ತಿನ್ನುವುದನ್ನು ಕಂಡಾಗ ನನಗೆ ಮಂಡ್ಯದ ಕಡೆಯ ಯಾವುದೋ ಹಿತ್ತಲಿನಲ್ಲಿ ಕುಳಿತಂತಾಯಿತು. ಈ ಹೋಲಿಕೆಯ ಹಿಂದೆ ದೊಡ್ಡದೊಂದು ಋಣವಿದೆ. ನಾವು ನಮ್ಮದೇ ಎಂದು ಹೆಮ್ಮೆಪಡುವ ರಾಗಿಯ ತೌರುಮನೆ ಉಗಾಂಡ ಮತ್ತು ಇಥಿಯೋಪಿಯದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಯ ಒಕ್ಕಲಿಗರು ಕಾಡುಹುಲ್ಲನ್ನು ಪಳಗಿಸಿ ಬೆಳೆಯಾಗಿ ಮಾಡಿದರು. ಅದು ಕಡಲು ದಾಟಿ ನಮ್ಮಲ್ಲಿಗೆ ಬಂದು ನಮ್ಮ ತೆನೆಯಾಯಿತು. ಅಲ್ಲಿ ಇಂದಿಗೂ ಅದನ್ನು ವಿಂಬಿ ಎಂದು ಕರೆದು ಗಂಜಿ ಕಾಯಿಸಿ ಕುಡಿಯುತ್ತಾರೆ. ರಾಗಿ ಹುರಿಹಿಟ್ಟನ್ನು ಕಟ್ಟಿಕೊಂಡು ಕೀನ್ಯಾಕ್ಕೆ ಹೋಗುವ ಕನ್ನಡಿಗನು, ತಿಳಿದೋ ತಿಳಿಯದೆಯೋ, ಹೆಣ್ಣುಮಗಳನ್ನು ತೌರಿಗೆ ಕರೆದೊಯ್ಯುತ್ತಿದ್ದಾನೆ.

ಹತ್ತು ಮಾತು ಸ್ವಾಹಿಲಿ ಕಲಿತು ಹೋಗುವುದು ಹತ್ತು ಜೊತೆ ಬಟ್ಟೆಗಿಂತ ಲಾಭಕರ. ಸಫಾರಿ ಎಂದರೆ ಆ ಭಾಷೆಯಲ್ಲಿ ಕೇವಲ ಪ್ರಯಾಣ; ಅರಬ್ಬಿಯಿಂದ ಬಂದದ್ದು, ನಮಗೆ ಉರ್ದುವಿನ ಮೂಲಕ ಪರಿಚಿತವಾದ ಸಫರ್ ಶಬ್ದದ ಬಂಧು. ಮೋಟಾರಿಗೆ ಗಾರಿ ಎನ್ನುತ್ತಾರೆ, ನಮ್ಮ ಗಾಡಿಯೇ. ವಿಮೆಗೆ ಬೀಮಾ. ಬಣ್ಣಕ್ಕೆ ರಂಗಿ. ಸಿಂಹಕ್ಕೆ ಸಿಂಬಾ ಎಂಬುದನ್ನು ಕೇಳಿ ಸಂಸ್ಕೃತವೆಂದು ಹಿಗ್ಗಬೇಡಿ. ಅದು ಬಾಂಟು ನುಡಿಗಳ ಸ್ವಂತ ಸೊತ್ತು. ವಯಸ್ಸಾದವರನ್ನು ಮ್ಜೀ ಎಂದು ಗೌರವದಿಂದ ಕರೆಯುತ್ತಾರೆ, ನಮ್ಮಲ್ಲಿ ‘ಯಜಮಾನರೇ’ ಎಂದಂತೆ. ಗಂಟೆಯ ಲೆಕ್ಕದಲ್ಲಿ ಮಾತ್ರ ಎಚ್ಚರವಿರಲಿ. ಸ್ವಾಹಿಲಿಯವರು ಹೊತ್ತನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ಉದಯದಿಂದ ಗಳಿಗೆ ಎಣಿಸುವ ಪಂಚಾಂಗವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರಬಾರದು. ಆದರೂ ಹಳ್ಳಿಯಲ್ಲಿ ಯಾರಾದರೂ ‘ಹನ್ನೆರಡಕ್ಕೆ ಬರುತ್ತೇನೆ’ ಎಂದರೆ, ಯಾರ ಹನ್ನೆರಡು ಎಂದು ಕೇಳಿಕೊಳ್ಳುವುದು ಲೇಸು.

ಈ ಗಾಡಿ, ಚಪಾತಿ ಮುಂತಾದ ಶಬ್ದಗಳೆಲ್ಲ ಬಿಟ್ಟಿಯಾಗಿ ಹೋದವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಮೊಂಬಾಸದಿಂದ ವಿಕ್ಟೋರಿಯ ಸರೋವರದವರೆಗೆ ೧೮೯೬ರಿಂದ ೧೯೦೧ರವರೆಗೆ ಬ್ರಿಟಿಷರು ರೈಲುಹಾದಿ ಹಾಕಿದಾಗ ಭಾರತದಿಂದ, ಬಹುಮಟ್ಟಿಗೆ ಪಂಜಾಬಿನಿಂದ, ಸುಮಾರು ೩೨,೦೦೦ ಕೂಲಿಗಳನ್ನು ಒಯ್ದರು. ಅವರಲ್ಲಿ ಸುಮಾರು ೨,೫೦೦ ಮಂದಿ ಅಲ್ಲಿಯೇ ಮಣ್ಣಾದರು. ೧೮೯೮ರಲ್ಲಿ ತ್ಸಾವೊ ಸೇತುವೆಯ ಬಳಿ ಎರಡು ನರಭಕ್ಷಕ ಸಿಂಹಗಳು ರಾತ್ರಿರಾತ್ರಿ ಡೇರೆಗಳಿಂದ ಎಳೆದೊಯ್ದದ್ದು ಈ ಜನರನ್ನು. ಸಿಂಹಗಳನ್ನು ಕೊಂದ ಪ್ಯಾಟರ್‌ಸನ್ ಸಾಹೇಬರ ಹೆಸರು ಗ್ರಂಥಸ್ಥವಾಗಿದೆ. ಆ ಸಿಂಹಗಳ ಚರ್ಮ ಷಿಕಾಗೋ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಡೇರೆಯೊಳಗೆ ಮಲಗಿದ್ದವರನ್ನು ಯಾರು ನೆನೆಯುತ್ತಾರೆ? ಇಂದು ಸುಖದ ಹಾಸಿಗೆಯಿರುವ ಡೇರೆಯಲ್ಲಿ ಮಲಗಿ ದೂರದ ಘರ್ಜನೆಗೆ ಪುಳಕಿತರಾಗುವ ನಾವು ಒಂದು ರಾತ್ರಿಯಾದರೂ ನೆನೆಯಬಹುದು.

ಇನ್ನು ಪ್ರಯಾಣದ ಯೋಜನೆ. ಮಿತ್ರರ ಕಾರ್ಯಕ್ರಮದಲ್ಲಿ ಎಂಟು ದಿನಕ್ಕೆ ಆರು ಅರಣ್ಯಗಳಿದ್ದವು. ಇದು ನಮ್ಮ ‘ಹನ್ನೆರಡು ದಿನದಲ್ಲಿ ಚಾರ್‌ಧಾಮ’ದ ಗುಣ. ನೈರೋಬಿಯಿಂದ ಮಸಾಯಿ ಮಾರಾ ಸುಮಾರು ೨೭೦ ಕಿಲೋಮೀಟರು. ನಕಾಶೆಯಲ್ಲಿ ಅಲ್ಪ, ಸೊಂಟಕ್ಕೆ ಅಪಾರ. ಆರು ಅರಣ್ಯ ನೋಡುವವರು ನೋಡುವುದು ಆರು ಅರಣ್ಯಗಳ ಹೆಬ್ಬಾಗಿಲುಗಳನ್ನು. ಎರಡೇ ಕಡೆ, ಒಂದೊಂದರಲ್ಲಿ ನಾಲ್ಕು ದಿನ ಇದ್ದುನೋಡಿ. ಹಣದ ದೃಷ್ಟಿಯಿಂದಲೂ ಋತುವನ್ನು ವಿಚಾರಮಾಡಬೇಕು: ಮಸಾಯಿ ಮಾರಾದ ಪ್ರವೇಶಶುಲ್ಕ ೨೦೨೪ರಿಂದ ವಿದೇಶೀಯರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ ೧೦೦ ಡಾಲರು, ಜುಲೈಯಿಂದ ಡಿಸೆಂಬರ್‌ವರೆಗೆ ೨೦೦ ಡಾಲರು ಎಂದಾಯಿತು. ಈ ಏರಿಕೆಗೆ ಕಾರಣ ಗ್ನೂಗಳ ಮಹಾವಲಸೆ. ಹತ್ತು ಲಕ್ಷಕ್ಕೂ ಮಿಕ್ಕ ಗ್ನೂಗಳು ಮಳೆಯನ್ನೂ ಹುಲ್ಲನ್ನೂ ಅರಸಿ ವರ್ಷವಿಡೀ ಸುತ್ತುತ್ತವೆ. ವರ್ಷದ ಆರಂಭದಲ್ಲಿ ಸೆರೆಂಗೆಟಿಯ ದಕ್ಷಿಣದ ಬಯಲಿನಲ್ಲಿ ಕರು ಹಾಕುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಆಸುಪಾಸಿನಲ್ಲಿರುತ್ತವೆ. ಎಂದು ನದಿ ದಾಟುವುವು ಎಂಬುದು ಗ್ನೂಗಳಿಗೇ ತಿಳಿಯದು. ಮೂರು ಗಂಟೆ ದಡದಲ್ಲಿ ನಿಂತು, ನೀರು ಮುಟ್ಟಿ, ಮೂಗರಳಿಸಿ, ಹಿಂದಿರುಗಿ ಹೋದ ಹಿಂಡನ್ನು ನಾನು ಕಂಡಿದ್ದೇನೆ. ‘ದಾಟುವುದನ್ನು ತೋರಿಸುತ್ತೇವೆ’ ಎಂದು ಮಾತುಕೊಡುವ ಪ್ರವಾಸದ ಕಂಪೆನಿಯವರನ್ನು ನಂಬಬೇಡಿ.

ಈಗ ನಾನು ಹೇಳದೆ ಉಳಿಸಿಕೊಂಡಿದ್ದ ಮಾತು.

ಮಸಾಯಿ ಮಾರಾದಲ್ಲಿ ಮೂರನೆಯ ಬೆಳಗ್ಗೆ. ಗೆದ್ದಲಿನ ಹುತ್ತವೊಂದರ ಮೇಲೆ ತಾಯಿ ಚೀತಾ ಕುಳಿತಿತ್ತು. ಹುಲ್ಲಿನ ನಡುವೆ ಮೂರು ಮರಿಗಳು. ಚೀತಾ ನಮ್ಮ ಚಿರತೆಯಲ್ಲ. ನಮ್ಮ ದೇಶದಲ್ಲಿ ಅದು ನಾಮಾವಶೇಷವಾಯಿತೆಂದು ೧೯೫೨ರಲ್ಲಿ ಸಾರಿದರು. ದೂರದಲ್ಲಿ ಸಣ್ಣ ಜಿಂಕೆಗಳ ಗುಂಪು ಮೇಯುತ್ತಿತ್ತು. ನಮ್ಮ ಸಾರಥಿ ಬಹು ದೂರದಲ್ಲಿಯೇ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ನನ್ನ ಕ್ಯಾಮೆರಾಕ್ಕೆ ಚೀತಾ ಬೆರಳಿನಷ್ಟು ಕಾಣುತ್ತಿತ್ತು. “ಇನ್ನು ಸ್ವಲ್ಪ ಮುಂದೆ” ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, “ಪೋಲೆ ಪೋಲೆ, ಮ್ಜೀ” ಎಂದ, ನಿಧಾನ, ಯಜಮಾನರೇ. ನಾನು ಮತ್ತೆ ಹೇಳಿದೆ. ಇಷ್ಟು ಹಣ ಕೊಟ್ಟು, ಇಷ್ಟು ದೂರ ಬಂದು, ಎಂದು ಏನೇನೋ ಹೇಳಿದೆ. ಅವನು ಮಾತಾಡದೆ ಹಾದಿಬಿಟ್ಟು ಹುಲ್ಲಿಗಿಳಿಸಿದ. ನಮ್ಮನ್ನು ಕಂಡು ಇನ್ನೊಂದು ಗಾಡಿ, ಅದನ್ನು ಕಂಡು ಮತ್ತೆರಡು. ಕಾಲು ಗಂಟೆಯಲ್ಲಿ ಹದಿನೇಳು ಗಾಡಿಗಳನ್ನು ಎಣಿಸಿದೆ. ಜಿಂಕೆಗಳು ಚದರಿ ಓಡಿದವು. ತಾಯಿ ಹುತ್ತದಿಂದಿಳಿದು, ಚಕ್ರಗಳ ನಡುವೆ ದಾರಿಮಾಡಿಕೊಂಡು, ಮರಿಗಳನ್ನು ಕರೆಯುತ್ತ ಹೊರಟುಹೋಯಿತು. ಒಂದು ಮರಿ ಹಿಂದುಳಿದು ಬಹಳ ಹೊತ್ತು ಕೂಗುತ್ತಿತ್ತು. ನನಗೆ ಚಿತ್ರ ಸೊಗಸಾಗಿ ಬಂದಿತು.

ಅಲ್ಲಿಯ ನಿಯಮ ಏನೆಂಬುದನ್ನು ಆಮೇಲೆ ತಿಳಿದೆ: ಒಂದು ಪ್ರಾಣಿಯ ಬಳಿ ಐದು ಗಾಡಿಗಳಿಗೆ ಮೀರಕೂಡದು, ೨೫ ಮೀಟರಿಗಿಂತ ಹತ್ತಿರ ಹೋಗಕೂಡದು, ಹಾದಿ ಬಿಡಕೂಡದು. ಅದರ ಕಾರಣವನ್ನೂ ತಿಳಿದೆ. ಸಿಂಹ, ಕತ್ತೆಕಿರುಬಗಳ ಭಯದಿಂದ ಚೀತಾ ಹಗಲಿನಲ್ಲಿಯೇ ಬೇಟೆಯಾಡುತ್ತದೆ; ಅದರ ಊಟದ ಹೊತ್ತೂ ಪ್ರವಾಸಿಗಳು ಸುತ್ತುವ ಹೊತ್ತೂ ಒಂದೇ. ಫೆಮ್ಕೆ ಬ್ರೂಕ್‌ಹೌಸ್ ಎಂಬ ಸಂಶೋಧಕಿ ಮಸಾಯಿ ಮಾರಾದಲ್ಲಿ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರವಾಸಿಗಳು ವಿರಳವಾದ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ ೨.೩ ಮರಿಗಳನ್ನು ದೊಡ್ಡದುಮಾಡುತ್ತದೆ. ಪ್ರವಾಸಿಗಳು ದಟ್ಟವಾಗಿರುವ ಕಡೆ ೦.೨. ಈ ಎರಡು ಅಂಕಿಗಳ ನಡುವೆ ನನ್ನ ಗಾಡಿಯೂ ನಿಂತಿತ್ತು.

ಅಂದು ರಾತ್ರಿ ಸಾರಥಿಯನ್ನು ಕೇಳಿದೆ, ನಿಯಮ ಗೊತ್ತಿದ್ದೂ ನನ್ನ ಮಾತನ್ನು ಏಕೆ ಕೇಳಿದೆ ಎಂದು. ಅವನು ಸ್ವಲ್ಪವೂ ಕೋಪವಿಲ್ಲದೆ, ಹತ್ತಿರ ಹೋಗದಿದ್ದರೆ ಅತಿಥಿಗಳು ಕಂಪೆನಿಗೆ ದೂರು ಬರೆಯುತ್ತಾರೆ, ಕೊನೆಯ ದಿನ ಇನಾಮೂ ಇರುವುದಿಲ್ಲ, ತನಗೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ ಎಂದ. ಕಬಿನಿಯಲ್ಲಿಯೂ ಬಂಡೀಪುರದಲ್ಲಿಯೂ ‘ಹುಲಿ ತೋರಿಸಿದರೆ ಐನೂರು’ ಎಂದು ಜೀಪಿನವರಿಗೆ ಆಸೆ ತೋರಿಸಿ ಬೆಳೆಸಿಕೊಂಡ ಅಭ್ಯಾಸವನ್ನೇ ನಾನು ಕಡಲಾಚೆಗೂ ಹೊತ್ತುಕೊಂಡು ಹೋಗಿದ್ದೆ. ಇದು ನನ್ನೊಬ್ಬನ ರೋಗವಲ್ಲ. ೨೦೨೫ರ ಜುಲೈಯಲ್ಲಿ ಸೆರೆಂಗೆಟಿಯ ಮಾರಾ ನದಿಯ ದಡದಲ್ಲಿ ಪ್ರವಾಸಿಗಳು ಗಾಡಿಗಳಿಂದಿಳಿದು ನಿಂತು ಗ್ನೂಗಳ ದಾರಿಗೇ ಅಡ್ಡವಾದ ಚಿತ್ರವನ್ನು ಜಗತ್ತೆಲ್ಲ ನೋಡಿತು. ಆದರೆ ನಿಯಮವನ್ನು ಕಾಪಾಡುವ ಹೊರೆಯನ್ನು ಆ ದಿನದ ಅನ್ನಕ್ಕೆ ನಮ್ಮ ಮುಖ ನೋಡುವ ಸಾರಥಿಯ ಮೇಲೆ ಹೊರಿಸಿ, ನಾವು ಕೇವಲ ಅತಿಥಿಗಳೆಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಆದ್ದರಿಂದ ಮಿತ್ರರಿಗೆ ಹೇಳಿದೆ: ಗಾಡಿ ಗೊತ್ತುಮಾಡುವಾಗ ಸಾರಥಿ ಯಾರೆಂದು ಕೇಳಿ. ಕೀನ್ಯಾದಲ್ಲಿ ಸಫಾರಿ ಮಾರ್ಗದರ್ಶಿಗಳದೇ ಒಂದು ಸಂಘ ೧೯೯೬ರಿಂದ ಇದೆ. ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆಗಳನ್ನು ಕೊಡುತ್ತದೆ. ಡೇರೆಯ ಹಾಸಿಗೆಯ ದರ್ಜೆಯನ್ನು ವಿಚಾರಿಸುವವರು ಇದನ್ನೂ ವಿಚಾರಿಸಬಹುದು. ಮೊದಲನೆಯ ಬೆಳಗ್ಗೆಯೇ, ಗಾಡಿ ಹೊರಡುವ ಮುನ್ನ, ಅವನಿಗೆ ಸ್ಪಷ್ಟವಾದ ಮಾತಿನಲ್ಲಿ ಹೇಳಿಬಿಡಿ: ನಮಗೆ ಹತ್ತಿರ ಹೋಗಬೇಕೆಂಬುದಿಲ್ಲ, ಏನೂ ಕಾಣದಿದ್ದರೂ ನಿನ್ನ ಇನಾಮು ಕಡಿಮೆಯಾಗುವುದಿಲ್ಲ, ಎಲ್ಲಿ ನಿಲ್ಲಬೇಕೆಂಬುದು ನಿನ್ನ ತೀರ್ಮಾನ. ನಾಲ್ಕನೆಯ ದಿನ ನಾನು ಇದನ್ನು ಹೇಳಿದಾಗ ಅವನ ಮುಖವೇ ಬೇರೆಯಾಯಿತು. ಆಮೇಲಿನ ಎರಡು ದಿನ ಅವನು ತೋರಿಸಿದ್ದು ಸಗಣಿಯುಂಡೆ ಉರುಳಿಸುವ ಹುಳು, ಆನೆ ಮೈಯುಜ್ಜಿ ನುಣುಪಾದ ಮರ, ಜೀಬ್ರಾಗಳು ಒಂದರ ಬೆನ್ನಿನ ಮೇಲೆ ಇನ್ನೊಂದು ತಲೆಯಿಟ್ಟು ಎರಡು ದಿಕ್ಕಿಗೂ ಕಾವಲು ನೋಡುವ ರೀತಿ. ಚೀತಾ ಮತ್ತೆ ಕಾಣಲಿಲ್ಲ.

ಮಸಾಯಿ ಜನರ ಊರುಗಳಿಗೂ ಕರೆದೊಯ್ಯುತ್ತಾರೆ. ಕೇಳದೆ ಚಿತ್ರ ತೆಗೆಯಕೂಡದೆಂಬುದು ಸಾಮಾನ್ಯ ಸಭ್ಯತೆ. ಅದಕ್ಕೂ ಹಿಂದಿನದು ಒಂದಿದೆ: ೧೯೫೧ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದ ಸೆರೆಂಗೆಟಿಯಿಂದ ಮಸಾಯಿಗಳನ್ನು ೧೯೫೯ರಲ್ಲಿ ಹೊರಹಾಕಿದರು, ಪಕ್ಕದ ಲೋಲಿಯೊಂಡೊ ಸೀಮೆಯಲ್ಲಿ ೨೦೨೨ರ ಜೂನ್‌ನಲ್ಲಿಯೂ ಹುಲ್ಲುಗಾವಲಿಗೆ ಗಡಿಕಲ್ಲು ನೆಟ್ಟಾಗ ಗಲಭೆಯಾಯಿತು. ನಾಗರಹೊಳೆಯ ಜೇನುಕುರುಬರ ಕಥೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನುಷ್ಯರಿಲ್ಲದ ಆದಿಮ ಬಯಲೆಂದು ನಾವು ಬೆರಗಾಗುವ ನೆಲದಲ್ಲಿ ಯಾರದೋ ದನ ಮೇಯುತ್ತಿದ್ದವು.

ಮಿತ್ರರು ಮರುದಿನವೇ ದಿನ ಗೊತ್ತುಮಾಡಿಕೊಂಡು, ಡಾಕ್ಟರ ಅನುಮತಿ ಪಡೆದು, ದಂಪತಿಗಳಿಬ್ಬರೂ ಚುಚ್ಚುಮದ್ದು ಹಾಕಿಸಿಕೊಂಡರು. ಹಿಂದಿರುಗುವ ಹೊತ್ತಿಗೆ ಹತ್ತು ದಿನ ಧಾರಾಳವಾಗಿ ತುಂಬುತ್ತದೆ. ಆರು ಅರಣ್ಯಗಳು ಮೂರಾದವು. ಎರಡಕ್ಕೆ ಇಳಿಸಲು ಅವರ ಲೆಕ್ಕದ ಬುದ್ಧಿ ಒಪ್ಪಲಿಲ್ಲ. ನಿನ್ನೆ ಮತ್ತೆ ಬಂದಿದ್ದರು. ಪಟ್ಟಿ ಒಂದೇ ಪುಟಕ್ಕೆ ಇಳಿದಿತ್ತು. “ಇಷ್ಟು ಸಾಕು, ಇಲ್ಲಿಯೇ ನಿಲ್ಲಿಸು ಎನ್ನುವುದಕ್ಕೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆ?” ಎಂದು ಕೇಳಿದರು. “ಇನಾತೋಶಾ ಎಂದರೆ ಸಾಕು ಎಂದರ್ಥ” ಎಂದೆ. ಹದಿನಾಲ್ಕು ಜೇಬಿನ ಮೇಲಂಗಿಯನ್ನು ಹೊಡೆದುಹಾಕಿದ್ದ ಗೆರೆಯ ಪಕ್ಕದಲ್ಲಿ ಅದನ್ನು ಬರೆದುಕೊಂಡರು. ಚಟ್ನಿಪುಡಿಯನ್ನು ಬಿಡಲು ಮಾತ್ರ ಅವರ ಶ್ರೀಮತಿಯವರು ಸುತರಾಂ ಒಪ್ಪಲಿಲ್ಲವಂತೆ. ತಗಡಿನ ಡಬ್ಬಿಯಲ್ಲಿ ಒಯ್ಯುವುದಾದರೆ ನನ್ನ ಆಕ್ಷೇಪಣೆಯೂ ಇಲ್ಲ.